ಮುಂದಿನ ಎರಡು ಗಾಲಿ

ಟೈರ್ ಕೆಲಸಕ್ಕೆ ಸೇರುತ್ತೇನೆ ಎಂದು ಯಾರಾದರೂ ನನ್ನ ಹತ್ತಿರ ಬಂದರೆ ನಾನು ಮೊದಲು ಅವರ ಸೊಂಟದ ಬಗ್ಗೆ ವಿಚಾರಿಸುತ್ತೇನೆ. ಭಾಷೆ, ಸರ್ಟಿಫಿಕೇಟು ಎಲ್ಲ ಆಮೇಲೆ. ಚಳಿ ಶುರುವಾಗುವ ಮೊದಲು ಸ್ವೀಡನ್ನಿನ ಈ ಇಡೀ ಸ್ಯಾಂಡ್‌ವಿಕೆನ್ ಊರು ಚಳಿಗಾಲದ ಟೈರಿಗೆ ಬದಲಾಗುತ್ತದೆ, ಹಿಮ ಕರಗಿದ ಮೇಲೆ ಮತ್ತೆ ಬೇಸಿಗೆಯದಕ್ಕೆ. ಆ ವಾರಗಳಲ್ಲಿ ಬಗ್ಗುವುದು, ಎತ್ತುವುದು, ಮತ್ತೆ ಬಗ್ಗುವುದು, ಅಷ್ಟೇ. ಕೆಲಸ ಕಲಿಸುವ ಶಾಲೆಯಲ್ಲಿ ಇದನ್ನು ಯಾರೂ ಹೇಳುವುದಿಲ್ಲ. ನಾನು ನಿವೃತ್ತಳಾದ ಮೇಲೂ ಬೆಳಿಗ್ಗೆ ಎದ್ದಾಗ ಗೋಡೆ ಹಿಡಿದೇ ನೇರವಾಗುವುದು. ಉಳಿದ ವಿಷಯದಲ್ಲಿ ಇದು ಒಳ್ಳೆಯ ಕೆಲಸ. ಜನ ತಮ್ಮ ಪ್ರೀತಿಯ ವಸ್ತುವನ್ನು ನಂಬಿ ನಿಮ್ಮ ಕೈಗೆ ಕೊಟ್ಟು, ಪಕ್ಕದಲ್ಲಿ ನಿಂತು, ಕಾಫಿ ಕುಡಿಯುತ್ತಾ ತಮ್ಮ ಕಥೆ ಹೇಳುತ್ತಾರೆ.

ನಾನು ಹುಬ್ಬಳ್ಳಿಯವಳು. ನಮ್ಮಪ್ಪನದು ಲಾರಿ ಟೈರುಗಳಿಗೆ ಹೊಸ ರಬ್ಬರು ಹಾಕುವ ರೀಟ್ರೆಡಿಂಗ್ ಅಂಗಡಿ. ಕಾದ ರಬ್ಬರಿನ ವಾಸನೆಯಲ್ಲೇ ಬೆಳೆದೆ. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದೆ, ಮದುವೆಯಾಯಿತು, ನಮ್ಮನೆಯವರಿಗೆ ಇಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಸ್ವೀಡಿಷ್ ಕಲಿಯುವ ತರಗತಿ ಮುಗಿಸಿದಾಗ ಕೊಮ್ಯೂನ್‌ನ, ಅಂದರೆ ನಮ್ಮ ನಗರಸಭೆಯಂಥ ಕಚೇರಿಯ ಹೆಂಗಸೊಬ್ಬಳು ನನಗೆ ಏನು ಬರುತ್ತದೆ ಎಂದು ಕೇಳಿದಳು. "ಟೈರು" ಎಂದೆ. ಉಚ್ಚಾರಣೆ ತಪ್ಪಿರಬೇಕು ಎಂದುಕೊಂಡು ಅವಳು ಮತ್ತೆ ಕೇಳಿದಳು. ನಾನು ಎದ್ದು ಕಿಟಕಿಯಿಂದ ಕೆಳಗೆ ನಿಂತಿದ್ದ ಕಾರಿನ ಗಾಲಿ ತೋರಿಸಿದೆ. ಹಾಗೆ ರೋಲ್ಫ್‌ನ ಅಂಗಡಿಗೆ ತರಬೇತಿಗೆಂದು ಹೋದವಳು ನಿವೃತ್ತಿಯವರೆಗೂ ಅಲ್ಲೇ ಉಳಿದೆ.

ರೋಲ್ಫ್‌ಗೆ ಆಗ ಐವತ್ತು ದಾಟಿತ್ತು. ಎತ್ತರದ, ಮಾತು ಕಡಿಮೆಯ ಮನುಷ್ಯ. ಇಲ್ಲಿ ಎಲ್ಲರೂ ಎಲ್ಲರಿಗೂ 'ನೀನು' ಎನ್ನುತ್ತಾರೆ, ಮಾಲೀಕನಿಗೂ. ಆ ಒಂದು ಶಬ್ದ ನನ್ನ ಬಾಯಿಂದ ಹೊರಡಲು ಆರು ತಿಂಗಳು ಬೇಕಾಯಿತು. ಅಲ್ಲಿಯವರೆಗೆ ಅವನನ್ನು ಯಾವ ಸರ್ವನಾಮವೂ ಇಲ್ಲದೆ ಮಾತಾಡಿಸುತ್ತಿದ್ದೆ. "ಕಾಫಿ ಬೇಕಾ?" ಎಂದರೆ ಸಾಕಲ್ಲ, ಯಾರಿಗೆ ಎಂದು ಹೇಳಬೇಕಾಗಿಲ್ಲ.

ಅಂಗಡಿಯ ಒಂದು ಭಾಗದಲ್ಲಿ ಎಲ್ಲರ ಕಾರುಗಳ ಕೆಲಸ ನಡೆಯುತ್ತಿತ್ತು, ಇನ್ನೊಂದರಲ್ಲಿ ಹಳೆಯ ಅಮೆರಿಕನ್ ಕಾರುಗಳದ್ದು. ಅರವತ್ತರ ದಶಕದ ಕೊನೆಯ ಸುಮಾರಿಗೆ ಅಮೆರಿಕದವರು ಎರಡು ಬಾಗಿಲಿನ ಸಾಧಾರಣ ಕಾರಿಗೆ ಎಂಟು ಸಿಲಿಂಡರಿನ ದೊಡ್ಡ ಎಂಜಿನ್ ಕೂರಿಸಿ ಮಾರಿದರು. ಅವೇ ಮಸಲ್ ಕಾರುಗಳು. ಎಲ್ಲಿಯ ಅಮೆರಿಕ, ಎಲ್ಲಿಯ ಈ ಕಾಡು? ಆದರೂ ಇಲ್ಲಿನ ಹಳ್ಳಿಗಳ ಕೊಟ್ಟಿಗೆಗಳಲ್ಲಿ, ಹುಲ್ಲಿನ ಬಣವೆಯ ಪಕ್ಕದಲ್ಲಿ ಅಂಥವು ನಿಂತಿರುತ್ತವೆ. ಹಿಮ ಕರಗಲೆಂದು ರಸ್ತೆಗೆ ಹಾಕಿದ ಉಪ್ಪನ್ನು ವಸಂತದ ಮಳೆ ತೊಳೆದ ಮೇಲೆ ಒಂದೊಂದಾಗಿ ಹೊರಗೆ ಬರುತ್ತವೆ. ಬಂದ ಕೂಡಲೇ ಮಾಲೀಕರಿಗೆ ಹೊಸ ಗಾಲಿಯ ಆಸೆ.

ನಾನು ಸೇರಿದ ಮೊದಲ ವಾರದ ಮಾತು. ಕಿತ್ತಳೆ ಬಣ್ಣದ ಕಾರೊಂದರ ಎಡಗಡೆಯ ನಟ್ಟುಗಳನ್ನು ರೋಲ್ಫ್ ತಾನೇ ಬಿಚ್ಚಲು ಕೂತ. ಗಾಳಿಯಿಂದ ತಿರುಗುವ ಪಾನಾ ಹಿಡಿದು ಒತ್ತಿದ. ಬರಲಿಲ್ಲ. ಇನ್ನೂ ಒತ್ತಿದ. ಟಪ್ಪೆಂದು ನಟ್ಟು ಕೂರುವ ಬೋಲ್ಟು, ಅಂದರೆ ಸ್ಟಡ್, ಮುರಿದು ನಟ್ಟಿನ ಸಮೇತ ನನ್ನ ಕಾಲ ಬುಡಕ್ಕೆ ಬಂದು ಬಿತ್ತು. ಆ ಕಾಲದ ಕೆಲವು ಕಾರುಗಳಲ್ಲಿ ಎಡಗಡೆಯ ನಟ್ಟುಗಳಿಗೆ ಎಡ ತಿರುಪು ಇರುತ್ತದೆ, ಬಿಚ್ಚಬೇಕಾದರೆ ಬಲಕ್ಕೆ ತಿರುಗಿಸಬೇಕು. ಅವನಿಗೆ ಅದು ಚೆನ್ನಾಗಿ ಗೊತ್ತಿತ್ತು, ಅವಸರದಲ್ಲಿ ಮರೆತಿದ್ದ. ನಮ್ಮ ಕಡೆಯ ಮೇಸ್ತ್ರಿಯಾಗಿದ್ದರೆ ಪಕ್ಕದಲ್ಲಿದ್ದವನಿಗೆ ಒಂದು ಬೈಗುಳ ಬೀಳುತ್ತಿತ್ತು. ರೋಲ್ಫ್ ಪಾನಾ ಕೆಳಗಿಟ್ಟು, ಕೈ ಒರೆಸಿಕೊಂಡು, "ಫೀಕಾ" ಎಂದ. ಕಾಫಿಯ ವಿರಾಮಕ್ಕೆ ಇನ್ನೂ ಹೊತ್ತಿತ್ತು. ಒಂದು ಲೋಟ ಕಾಫಿ, ಒಂದು ದಾಲ್ಚಿನ್ನಿ ಬನ್ನು ಮುಗಿಸಿ, ಮಾಲೀಕನಿಗೆ ಫೋನ್ ಮಾಡಿ, "ನಿನ್ನ ಸ್ಟಡ್ ಮುರಿದೆ, ತಪ್ಪು ನನ್ನದು, ನಾಳೆ ಸರಿಯಾಗುತ್ತದೆ" ಎಂದ. ಮುಂದೆಯೂ ಅವನು ಹೊತ್ತಲ್ಲದ ಹೊತ್ತಿನಲ್ಲಿ ಫೀಕಾ ಎಂದರೆ ನಾವು ಏನು ಮುರಿಯಿತು ಎಂದು ಸುತ್ತ ನೋಡುತ್ತಿದ್ದೆವು.

ಇನ್ನೊಂದು ಪ್ರಸಂಗ. ಶಾಲಾ ಮೇಷ್ಟ್ರೊಬ್ಬನ ಕಾರಿನ ಸ್ಟೇರಿಂಗ್ ತೊಂಬತ್ತರ ವೇಗಕ್ಕೆ ಬಂದರೆ ನಡುಗುತ್ತಿತ್ತು. ಬೇರೆ ಊರುಗಳಲ್ಲಿ ಬ್ಯಾಲೆನ್ಸ್ ಮಾಡಿಸಿ ಸೋತು ನಮ್ಮಲ್ಲಿಗೆ ಬಂದ. ನಾವೂ ಮಾಡಿದೆವು. ಯಂತ್ರ ಸೊನ್ನೆ, ಅಂದರೆ ತೂಕದಲ್ಲಿ ದೋಷವಿಲ್ಲ ಎಂದು ತೋರಿಸಿತು, ಕಾರು ನಡುಗಿತು. ಮತ್ತೆ ಬಂದ, ಮತ್ತೆ ಸೊನ್ನೆ, ಮತ್ತೆ ನಡುಕ. ಅವನು ಸಿಟ್ಟು ಮಾಡುತ್ತಿರಲಿಲ್ಲ. ಬಾಗಿಲಲ್ಲಿ ನಿಂತು ಕ್ಷಮೆ ಕೇಳುವವನಂತೆ ನಗುತ್ತಿದ್ದ, ಅದೇ ಕಷ್ಟವಾಗುತ್ತಿತ್ತು. ಫಾಲುನ್ ಕಡೆ ರೋಲ್ಫ್‌ನ ಹಳೆಯ ಪಾಲುದಾರನೊಬ್ಬನಿದ್ದ. ಇಬ್ಬರಿಗೂ ಮಾತು ಬಿಟ್ಟು ಬಹಳ ವರ್ಷವಾಗಿತ್ತು. ಒಂದು ದಿನ ರೋಲ್ಫ್ ಫೋನಿನ ಮುಂದೆ ಕೂತು, ಕಾಫಿ ಆರಿಹೋದ ಮೇಲೆ ನಂಬರ್ ಒತ್ತಿದ. ಆ ಕಡೆಯವನು ಕೇಳಿದ್ದು ಒಂದೇ ಮಾತು: "ರಿಮ್ಮನ್ನು ಯಂತ್ರಕ್ಕೆ ಎಲ್ಲಿ ಹಿಡಿಸಿದ್ದೀ?" ನಾವು ನಡುವಿನ ತೂತಿಗೆ ಹಿಡಿಸುತ್ತಿದ್ದೆವು. ಆ ರಿಮ್ಮಿನ ನಡುವಿನ ತೂತು ಬರೀ ತೂತು, ಗಾಲಿ ಕಾರಿನ ಮೇಲೆ ಕೂರುವುದು ಸುತ್ತಲ ಐದು ನಟ್ಟುಗಳ ಮೇಲೆ. ಯಂತ್ರದಲ್ಲೂ ಹಾಗೆಯೇ ಕೂರಿಸಿದಾಗ ಸೊನ್ನೆ ಹೋಗಿ ನಿಜವಾದ ಅಂಕಿ ಬಂತು, ಅದಕ್ಕೆ ತಕ್ಕ ತೂಕದ ತುಂಡು ಅಂಟಿಸಿದ ಮೇಲೆ ನಡುಕ ನಿಂತಿತು. ಆ ವರ್ಷ ಕ್ರಿಸ್‌ಮಸ್‌ಗೆ ಫಾಲುನ್‌ನಿಂದ ಒಂದು ಡಬ್ಬಿ ಬಿಸ್ಕತ್ತು ಬಂತು. ರೋಲ್ಫ್ ಅದನ್ನು ಯಾರಿಗೂ ಕೊಡದೆ ಒಬ್ಬನೇ ತಿಂದ.

ಆಗೆಲ್ಲ ಹೊಸ ರಿಮ್ಮು ಹೊಂದುತ್ತದೆಯೇ ಎಂದು ನೋಡುವುದು ಉಕ್ಕಿನ ಅಳತೆಪಟ್ಟಿ, ನೇರ ಮರದ ತುಂಡು ಮತ್ತು ಮಕ್ಕಳು ಆಡುವ ಜೇಡಿಮಣ್ಣಿನಿಂದ. ಮಡ್‌ಗಾರ್ಡಿನ ಒಳಗೆ ಮಣ್ಣು ಮೆತ್ತಿ, ಗಾಲಿ ಹಾಕಿ, ಸ್ಟೇರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಮಣ್ಣು ಎಲ್ಲಿ ಸವರಿದೆ ನೋಡುತ್ತಿದ್ದೆವು. ಈಗ ಅಳತೆಗೆ ಬೆಳಕಿನ ಉಪಕರಣ ಬಂದಿದೆ, ಕಂಪ್ಯೂಟರಿನಲ್ಲೇ ಗಾಲಿ ಹಾಕಿ ನೋಡಬಹುದು. ಒಳ್ಳೆಯದೇ. ಆದರೆ ಗಿರಾಕಿಯೂ ಬದಲಾಗಿದ್ದಾನೆ. ಮೊದಲು ಕಾರು ತರುತ್ತಿದ್ದ, ಈಗ ಮೊಬೈಲಿನಲ್ಲಿ ಫೋಟೋ ತರುತ್ತಾನೆ. ಫೋಟೋದಲ್ಲಿರುವ ಕಾರು ತಿರುಗುವುದಿಲ್ಲ, ಗುಂಡಿಗೆ ಇಳಿಯುವುದಿಲ್ಲ, ಹಿಂದೆ ಮೂವರನ್ನು ಕೂರಿಸಿಕೊಳ್ಳುವುದಿಲ್ಲ ಎಂದು ನಿಧಾನವಾಗಿ ಹೇಳಬೇಕು. ನಗಬಾರದು. ಆ ಫೋಟೋವನ್ನು ಅವನು ಎಷ್ಟು ದಿನ ನೋಡಿರುತ್ತಾನೋ.

ಇನ್ನು ಗುನಿಲ್ಲಳ ವಿಷಯಕ್ಕೆ ಬರುತ್ತೇನೆ. ಇಷ್ಟು ವರ್ಷಗಳ ಕೆಲಸದಲ್ಲಿ ನಾನು ಮತ್ತೆ ಮತ್ತೆ ನೆನೆಯುವುದು ಇದನ್ನೇ.

ಆಗ ರೋಲ್ಫ್ ನಿವೃತ್ತನಾಗಿ ಹಳೆಯ ಕಾರುಗಳ ವಿಭಾಗ ನನ್ನ ಕೈಗೆ ಬಂದಿತ್ತು. ಜೂನ್ ತಿಂಗಳ ಒಂದು ಬೆಳಿಗ್ಗೆ ಕಡುಹಸಿರು ಬಣ್ಣದ ಕಾರೊಂದು ಅಂಗಳಕ್ಕೆ ಬಂತು. ಗೇಟಿನಲ್ಲಿ ತಿರುಗಲಾಗದೆ ಹಿಂದೆ ಹೋಗಿ, ಮುಂದೆ ಬಂದು, ಮತ್ತೆ ಹಿಂದೆ ಹೋಗಿ ಕೊನೆಗೆ ಅಡ್ಡವಾಗಿಯೇ ನಿಂತಿತು. ಆ ಕಾರು ನನಗೆ ಚೆನ್ನಾಗಿ ಗೊತ್ತು. ಅದು ಬೋರ್ಯೆಯದು. ಕಾರ್ಖಾನೆಯ ಕುಲುಮೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು, ಊರಿನ ಹಳೆ ಕಾರುಗಳ ಕೂಟದಲ್ಲಿ ಗಟ್ಟಿ ದನಿಯ ಮನುಷ್ಯ. ಅದರ ಅಗಲ ಟೈರುಗಳನ್ನು ಹಾಕಿದವಳೂ ನಾನೇ. ಆದರೆ ಇಳಿದದ್ದು ಅವನ ಹೆಂಡತಿ. ಎಪ್ಪತ್ತರ ಆಸುಪಾಸಿನ ಗಿಡ್ಡ ಹೆಂಗಸು. ಬೆವರಿದ್ದಳು. ಎರಡೂ ಅಂಗೈ ನನ್ನ ಮುಂದೆ ಹಿಡಿದಳು. ಕೆಂಪಾಗಿ, ಒಂದು ಕಡೆ ಬೊಬ್ಬೆ ಎದ್ದಿತ್ತು.

"ಇದನ್ನು ನಾನು ಓಡಿಸುವ ಹಾಗೆ ಮಾಡಿಕೊಡು" ಎಂದಳು.

ಒಳಗೆ ಕೂರಿಸಿ ನೀರು ಕೊಟ್ಟೆ. ಬೋರ್ಯೆಯ ಕಣ್ಣಿನ ನಡುಭಾಗ ಹೋಗುತ್ತಿದೆ, ಮುಖದ ಅಂಚು ಕಾಣುತ್ತದೆ, ಮುಖ ಕಾಣುವುದಿಲ್ಲ. ಕಳೆದ ಶರತ್ಕಾಲದಲ್ಲಿ ಲೈಸನ್ಸ್ ವಾಪಸ್ ಕೊಡಬೇಕಾಯಿತು. ಚಳಿಗಾಲವಿಡೀ ಗ್ಯಾರೇಜಿನಲ್ಲಿ ಕಾರಿನ ಒಳಗೆ ಕೂತು, ಎಂಜಿನ್ ಸ್ವಲ್ಪ ಹೊತ್ತು ಓಡಿಸಿ, ಆರಿಸಿ ಒಳಗೆ ಬರುತ್ತಿದ್ದ. ಈಗ ಮಾರಾಟಕ್ಕೆ ಜಾಹೀರಾತು ಹಾಕಿಸಿದ್ದಾನೆ. ಶನಿವಾರ ದೂರದ ಉತ್ತರದ ಉಮೆಯೊದಿಂದ ಯಾರೋ ನೋಡಲು ಬರುತ್ತಾರೆ.

"ನಿಂತ ಕಾರು ಸತ್ತ ಕಾರು ಅಂತಾನೆ. ನಾನು ಓಡಿಸಬಹುದು ಅನ್ನೋದು ಅವನಿಗೆ ಹೊಳೆದೇ ಇಲ್ಲ."

"ನೀನು ಹೇಳಲಿಲ್ಲವಾ?"

"ಏನಂತ ಹೇಳಲಿ? ಇಷ್ಟು ವರ್ಷ ಆ ಕಾರಿನಲ್ಲಿ ನಾನು ಬಲಗಡೆ ಕೂತು ಫ್ಲಾಸ್ಕ್ ಹಿಡಿದುಕೊಂಡವಳು." ಗುನಿಲ್ಲ ಅಂಗೈ ನೋಡಿಕೊಂಡಳು. "ಇವತ್ತು ಅವನು ಯೆವ್ಲೆಯ ಕಣ್ಣಾಸ್ಪತ್ರೆಗೆ ಹೋಗಿದ್ದಾನೆ. ಮೊದಲು ನನ್ನಿಂದ ಆಗುತ್ತದಾ ನೋಡೋಣ ಅಂತ ತಂದೆ. ಆಗದಿದ್ದರೆ ಹೇಳಿ ಏನು ಪ್ರಯೋಜನ? ಎತ್ತಿನ ಕೊಂಬು ಹಿಡಿದು ತಿರುಗಿಸಿದ ಹಾಗಿದೆ."

ಅವಳು ಹೇಳಿದ್ದು ನಿಜ. ಆ ಕಾರಿಗೆ ಪವರ್ ಸ್ಟೇರಿಂಗ್ ಇಲ್ಲ. ಅದನ್ನು ಕೂರಿಸಬಹುದಿತ್ತು, ಆದರೆ ಅದು ವಾರಗಳ ಕೆಲಸ, ಮಾಲೀಕನ ಒಪ್ಪಿಗೆ ಬೇಕು. ಗಾಲಿಯ ಮಾತು ಬೇರೆ. ಬೋರ್ಯೆ ಮುಂದೆ ಹಾಕಿಸಿದ್ದು ಇನ್ನೂರ ನಲವತ್ತೈದು ಮಿಲಿಮೀಟರ್ ಅಗಲದ ಟೈರು. ರಸ್ತೆಗೆ ಅಂಟುವ ರಬ್ಬರು ಅಗಲವಾದಷ್ಟೂ ನಿಂತಲ್ಲಿ ತಿರುಗಿಸಲು ತೋಳಿನ ಬಲ ಬೇಕು. ಜೊತೆಗೆ ಅವನ ರಿಮ್ಮುಗಳು ಹೊರಗೆ ಚಾಚಿದ್ದವು. ನೋಡಲು ಎದೆ ಸೆಟೆಸಿದಂತಿರುತ್ತದೆ, ಆದರೆ ಚಾಚಿದಷ್ಟೂ ಸ್ಟೇರಿಂಗ್ ಭಾರ, ರಸ್ತೆಯ ಪ್ರತಿ ಹೊಡೆತ ಕೈಗೆ. ಬೋರ್ಯೆಯ ಕುಲುಮೆ ಕೆಲಸದ ತೋಳುಗಳಿಗೆ ಅದು ಲೆಕ್ಕಕ್ಕಿರಲಿಲ್ಲ.

ಹೊಸಬರು ಇಲ್ಲಿ ಗಮನಿಸಬೇಕು. ಅಗಲ ಕಡಿಮೆ ಮಾಡುತ್ತೇವೆಂದು ಎತ್ತರ ಕೆಡಿಸಬಾರದು. ಟೈರ್ ಗಿಡ್ಡವಾದರೆ ಕಾರಿನ ಮೂಗು ಇಳಿಯುತ್ತದೆ, ಕಾರಿನ ನಿಲುವೇ ಹೋಗುತ್ತದೆ. ಹದಿನೈದು ಇಂಚಿನ ರಿಮ್ಮಿಗೆ ಇನ್ನೂರ ಐದರ ಅಗಲ ಇಟ್ಟು, ಟೈರಿನ ಪಕ್ಕದ ಗೋಡೆ ಸ್ವಲ್ಪ ಎತ್ತರದ್ದು ಆರಿಸಿದರೆ ಹೆಚ್ಚು ಕಡಿಮೆ ಅದೇ ಎತ್ತರ ಬರುತ್ತದೆ. ಇನ್ನೂ ಸಣ್ಣ ರಿಮ್ಮು ಹಾಕಬಹುದಿತ್ತು, ಆದರೆ ಬೋರ್ಯೆ ಮುಂದೆ ಡಿಸ್ಕ್ ಬ್ರೇಕ್ ಹಾಕಿಸಿದ್ದ, ಅದು ಒಳಗೆ ಹಿಡಿಸುವುದಿಲ್ಲ. ಭಾರ ಹೊರುವ ಅಂಕಿಯನ್ನು ನೋಡಿಕೊಂಡೆ. ಅಷ್ಟು ದೊಡ್ಡ ಎಂಜಿನ್ ಕೂತಿರುವುದು ಮುಂದಿನ ಗಾಲಿಗಳ ಮೇಲೆ. ಹಿಂದಿನ ಅಗಲ ಟೈರುಗಳು ಹಾಗೆಯೇ ಇರಲಿ ಎಂದೆ. ಅವು ತಿರುಗುವುದಿಲ್ಲವಲ್ಲ.

ಅಂಗಡಿಯಲ್ಲಿ ಪ್ರಯೋಗಕ್ಕೆಂದು ಇಟ್ಟಿದ್ದ ಕಪ್ಪು ಉಕ್ಕಿನ ರಿಮ್ಮುಗಳಿದ್ದವು, ಚಾಚದಂಥವು. ಅದಕ್ಕೆ ಟೈರ್ ಏರಿಸಿ ಹಾಕಿದೆ. ಮೊದಲ ಸಲ ಪೂರ್ತಿ ತಿರುಗಿಸಿದಾಗ ಟೈರಿನ ಒಳಭಾಗ ಕಾರಿನ ಕೆಳಗಿನ ಸರಳಿಗೆ ತಾಗಿತು. ಗಾಲಿ ವಿಪರೀತ ಒಳಗೆ ಹೋಗಿತ್ತು. ಕಪಾಟಿನಲ್ಲಿ ಹುಡುಕಿ, ಸ್ವಲ್ಪ ಹೊರಗೆ ಕೂರುವ ಇನ್ನೊಂದು ಜೋಡಿ ತಂದು ಅದಕ್ಕೆ ಟೈರ್ ಬದಲಿಸಿದೆ. ಆಗ ಎರಡೂ ಕಡೆ ಬೆರಳು ಆಡುವಷ್ಟು ಜಾಗ ಉಳಿಯಿತು. ಗುನಿಲ್ಲ ಕೂತು, ನಿಂತಲ್ಲೇ ಸ್ಟೇರಿಂಗ್ ತಿರುಗಿಸಿದಳು. ಇನ್ನೊಮ್ಮೆ ತಿರುಗಿಸಿದಳು. "ಓಯ್" ಎಂದಳು. ಅಂಗಳದಲ್ಲಿ ಎರಡು ಸುತ್ತು ಹಾಕಿ, ಗೇಟಿನಿಂದ ಒಂದೇ ಸಲಕ್ಕೆ ಹೊರಗೆ ಹೋಗಿ, ರಸ್ತೆಯ ಕೊನೆಯಿಂದ ವಾಪಸ್ ಬಂದಳು. ಮುಖದಲ್ಲಿ ನಗು ತುಂಬಿತ್ತು.

"ಇವು ಹೀಗೇ ಇರಲಿ" ಎಂದಳು.

"ಬೋರ್ಯೆಗೆ ಹೇಳಲೇಬೇಕು ಗುನಿಲ್ಲ."

"ಹೇಳ್ತೀನಿ."

ಅವನ ಅಗಲ ಗಾಲಿಗಳಿಗೆ ಹೆಸರಿನ ಚೀಟಿ ಅಂಟಿಸಿ ಜೋಪಾನವಾಗಿಟ್ಟೆ.

ಅದೇ ದಿನ ಸಂಜೆ ಮನೆಗೆ ಫೋನ್ ಬಂತು. "ಆಂಟಿ ನಮಸ್ತೆ, ನನ್ ಹೆಸ್ರು ಪ್ರಜ್ವಲ್ ಅಂತ, ಬೆಂಗಳೂರಿನವ್ನು. ಉಮೆಯೊ ಯೂನಿವರ್ಸಿಟೀಲಿ ರಿಸರ್ಚ್ ಮಾಡ್ತಿದೀನಿ. ನಮ್ ಕನ್ನಡ ಗ್ರೂಪಲ್ಲಿ ನಿಮ್ ನಂಬರ್ ಕೊಟ್ರು."

"ಹೇಳಪ್ಪಾ."

"ಶನಿವಾರ ನಿಮ್ ಊರಲ್ಲಿ ಒಂದ್ ಕಾರ್ ನೋಡೋಕೆ ಬರ್ತಿದೀನಿ ಆಂಟಿ. ಡಾರ್ಕ್ ಗ್ರೀನ್, ಮಸಲ್ ಕಾರು. ಕಾಲೇಜಿಂದ ನನ್ ಡ್ರೀಮ್ ಅದು. ನೀವೂ ಒಂಚೂರು ಬಂದು ಟೈರ್ ಎಲ್ಲ ಚೆಕ್ ಮಾಡ್ತೀರಾ? ಆಮೇಲೆ ಅದಕ್ಕೆ ಇಪ್ಪತ್ ಇಂಚಿನ್ ವೀಲ್ಸ್ ಹಾಕ್ಸೋ ಪ್ಲಾನ್ ಇದೆ."

 ಆ ಕಡೆ ಗುನಿಲ್ಲಳ ಅಂಗೈ, ಈ ಕಡೆ ಇವನ ಉತ್ಸಾಹ. ಗುನಿಲ್ಲ ನನಗೆ ಹೇಳಿದ್ದನ್ನು ಇವನಿಗೆ ಹೇಳುವಂತಿಲ್ಲ. "ಬಾರಪ್ಪಾ, ನೋಡೋಣಂತ. ನಮ್ಮನ್ಯಾಗ ಊಟ ಮಾಡೀಯಂತ" ಎಂದೆ. ಬೆಂಗಳೂರಿನವರ ಹತ್ತಿರ ನನ್ನ ಹುಬ್ಬಳ್ಳಿ ಮಾತನ್ನು ತಿದ್ದಿಕೊಂಡೇ ಆಡುತ್ತೇನೆ. ಗಾಬರಿಯಾದಾಗ ಅದು ತಾನಾಗಿ ಹೊರಗೆ ಬರುತ್ತದೆ. ಫೋನ್ ಇಟ್ಟ ಮೇಲೆ ನಮ್ಮನೆಯವರು, "ಯಾರ ಕಡೆ ನೀನು?" ಎಂದು ಕೇಳಿದರು. ಗೊತ್ತಿಲ್ಲ ಎಂದೆ.

ಮಾರನೆಯ ದಿನ, ಶುಕ್ರವಾರ, ಬಾಗಿಲು ತೆಗೆದು ಸ್ವಲ್ಪ ಹೊತ್ತಿಗೇ ಅಂಗವಿಕಲರಿಗೆಂದು ಕೊಮ್ಯೂನ್ ಕೊಡುವ ಟ್ಯಾಕ್ಸಿಯೊಂದು ಬಂದು ನಿಂತಿತು. ಬೋರ್ಯೆ ಇಳಿದ. ಬಿಳಿ ಕೋಲು ಮಡಚಿ ಕಂಕುಳಲ್ಲಿ ಇಟ್ಟುಕೊಂಡಿದ್ದ. ಅದನ್ನು ಬಳಸುವುದು ಅವನಿಗೆ ಇಷ್ಟವಿರಲಿಲ್ಲ.

"ನನ್ನ ಕಾರಿಗೆ ಮಗುವಿನ ತಳ್ಳುಗಾಡಿಯ ಚಕ್ರ ಹಾಕಿದ್ದು ಯಾರು?"

"ನಾನು" ಎಂದೆ. "ನಿನಗೆ ಯಾರು ಹೇಳಿದರು?"

"ಯಾರೂ ಹೇಳಬೇಕಾಗಿಲ್ಲ. ಕೈ ಇದೆ." ಬಲಗೈ ಗೇಣು ಹರಡಿ ತೋರಿಸಿದ. ಅವನ ಅಗಲ ಟೈರು ಆ ಗೇಣಿಗಿಂತ ಹೆಚ್ಚಾಗುತ್ತಿತ್ತು, ಈಗಿನದು ಅದರೊಳಗೇ ಸಿಕ್ಕಿತ್ತು. "ಗುನಿಲ್ಲಳನ್ನು ಕೇಳಿದೆ. 'ಶನಿವಾರ ಆಗಲಿ, ಹೇಳ್ತೀನಿ' ಅಂದಳು. ನನಗೆ ಗೊತ್ತು. ರಿಮ್ಮುಗಳನ್ನು ಬೇರೆಯಾಗಿ ಮಾರಿಬಿಟ್ಟಿದ್ದಾಳೆ. ಕಾರು ಹೇಗೂ ಹೋಗುತ್ತದೆ ಅಂತ."

ಅವನ ಕೈ ಹಿಡಿದು ಕಪಾಟಿನ ಹತ್ತಿರ ಕರೆದುಕೊಂಡು ಹೋಗಿ ಅವನ ಗಾಲಿಗಳ ಮೇಲೆ ಇಟ್ಟೆ. ರಿಮ್ಮಿನ ಕಡ್ಡಿಗಳನ್ನು ಒಂದೊಂದಾಗಿ ಸವರಿದ. ಸಿಟ್ಟು ಇಳಿದು ಗೊಂದಲಕ್ಕೆ ಬಿದ್ದ.

"ಹಾಗಾದರೆ ಏಕೆ?"

ಈ ಕೆಲಸದಲ್ಲಿ ಗಂಡ ಹೆಂಡತಿಯ ನಡುವೆ ಮಾತಾಡಬಾರದು ಎನ್ನುವುದು ನನ್ನ ನಿಯಮ. ಆದರೆ ಆ ಮನುಷ್ಯ ತನ್ನ ಹೆಂಡತಿ ಕಳ್ಳಿ ಎಂದು ತಿಳಿದು ಮನೆಗೆ ಹೋಗುವುದನ್ನು ನೋಡುತ್ತಾ ನಿಲ್ಲಲು ಆಗಲಿಲ್ಲ.

"ಓಡಿಸುವವರ ಕೈಗೆ ಹಗುರಾಗಲಿ ಅಂತ ಹಾಕಿದೆ, ಬೋರ್ಯೆ. ನಿನ್ನೆ ಕಾರನ್ನು ಇಲ್ಲಿಗೆ ತಂದವಳು ಗುನಿಲ್ಲಳೇ. ಆ ಅಗಲ ಟೈರಿನಲ್ಲಿ. ಅವಳ ಅಂಗೈ ಮುಟ್ಟಿ ನೋಡು, ಗೊತ್ತಾಗುತ್ತದೆ."

ಅವನು ಟೈರುಗಳ ರಾಶಿಯ ಮೇಲೆ ಕೂತ. ಆಮೇಲೆ ಹೇಳಿದ: "ಅವಳು ಕಾರ್ಖಾನೆಯಲ್ಲಿ ಏನು ಕೆಲಸ ಮಾಡುತ್ತಿದ್ದಳು ಗೊತ್ತಾ ನಿನಗೆ?"

"ಇಲ್ಲ."

"ಛಾವಣಿಯ ಕ್ರೇನು. ಕಾದ ಉಕ್ಕು ತುಂಬಿದ ಬೋಗುಣಿಯನ್ನು ನನ್ನ ತಲೆಯ ಹತ್ತಿರದಿಂದ ಸಾಗಿಸುತ್ತಿದ್ದಳು. ವರ್ಷಗಟ್ಟಲೆ. ಬೇರೆಯವರು ಕ್ರೇನಿನಲ್ಲಿದ್ದರೆ ಮೇಲೆ ನೋಡುತ್ತಿದ್ದೆ. ಅವಳಿದ್ದರೆ ನೋಡುತ್ತಿರಲಿಲ್ಲ." ಕೋಲನ್ನು ಬಿಚ್ಚಿದ, ಮತ್ತೆ ಮಡಚಿದ. "ಕಾರಿನ ವಿಷಯಕ್ಕೆ ಅದು ಹೇಗೆ ಮರೆತುಹೋಯಿತೋ."

"ನಿನ್ನ ಗಾಲಿಗಳನ್ನು ವಾಪಸ್ ಹಾಕಲಾ?"

"ಶನಿವಾರ ಕಳೆಯಲಿ. ಆ ಹುಡುಗನಿಗೆ ಬಾ ಅಂತ ಹೇಳಿಬಿಟ್ಟಿದ್ದೇನೆ. ಮಾತು ಕೊಟ್ಟಿದ್ದೇನೆ." ಟ್ಯಾಕ್ಸಿಯವರೆಗೆ ಬಿಟ್ಟು ಬಂದೆ. ಅವನು ಏನು ಮಾಡುತ್ತಾನೋ ನನಗೆ ತಿಳಿಯಲಿಲ್ಲ.

ಶನಿವಾರ ಪ್ರಜ್ವಲ್ ರೈಲಿಳಿದು ಬಂದ. ಸಣ್ಣಗೆ ಉದ್ದಕ್ಕಿದ್ದ ಹುಡುಗ. ನಮ್ಮನೆಯವರು ಮಾಡಿದ ಜೋಳದ ರೊಟ್ಟಿ, ಎಣ್ಣೆಗಾಯಿ ತಿನ್ನುವಾಗಲೂ ಕಾರಿನದೇ ಮಾತು. ಊರಾಚೆ ಕೆರೆಯ ಹತ್ತಿರವಿದ್ದ ಬೋರ್ಯೆಯ ಮನೆಗೆ ಅವನನ್ನು ಕರೆದುಕೊಂಡು ಹೋದೆ. ಜಗಲಿಯ ಮೇಲೆ ಕಾಫಿ, ಬನ್ನು ಸಿದ್ಧವಾಗಿದ್ದವು. ಗುನಿಲ್ಲ ಅವನಿಗೆ ಇನ್ನೂ ಹೇಳಿರಲಿಲ್ಲವೆಂದು ಕಾಣುತ್ತದೆ, ನನ್ನ ಮುಖ ನೋಡಲಿಲ್ಲ. ಪ್ರಜ್ವಲ್ ಕಾರಿನ ಸುತ್ತ ತಿರುಗಿ, ಬಗ್ಗಿ, ಬಾನೆಟ್ ತೆಗೆದು ನೋಡಿ, ಎಂಜಿನ್ನಿನ ಮುಂದೆ ಕೈಕಟ್ಟಿ ಗರ್ಭಗುಡಿಯ ಮುಂದೆ ನಿಂತ ಹಾಗೆ ನಿಂತ. ಬೋರ್ಯೆ ಅವನ ಪ್ರಶ್ನೆಗಳಿಗೆಲ್ಲ ತಾಳ್ಮೆಯಿಂದ ಉತ್ತರ ಕೊಟ್ಟ. ಕಾಫಿ ಮುಗಿದ ಮೇಲೆ ಎದ್ದ.

"ಮಾರುವ ಮೊದಲು ನಾನೊಮ್ಮೆ ಇದರಲ್ಲಿ ಕೂರಬೇಕು."

ಬಾಗಿಲುಗಳನ್ನು ತಡವುತ್ತಾ ಕಾರಿನ ಬಲಗಡೆಗೆ ಹೋಗಿ ಕೂತ. ಇಲ್ಲಿ ಚಾಲಕ ಕೂರುವುದು ಎಡಗಡೆ. ಆ ಸೀಟು ಖಾಲಿ ಉಳಿಯಿತು.

"ಗುನಿಲ್ಲ, ಕೀ ನಿನ್ನ ಹತ್ತಿರವೇ ಇರಬೇಕು" ಎಂದ.

ಗುನಿಲ್ಲ ನನ್ನನ್ನು ನೋಡಿದಳು. ನಾನು ಕೆರೆಯ ಕಡೆ ನೋಡಿದೆ. ಅವಳು ಏಪ್ರನ್ನಿನ ಜೇಬಿನಿಂದ ಕೀ ತೆಗೆದಳು. ಏಪ್ರನ್ ಬಿಚ್ಚದೆಯೇ ಹೋಗಿ ಕೂತಳು. ಪ್ರಜ್ವಲ್ ಮತ್ತು ನಾನು ಹಿಂದೆ ತೂರಿಕೊಂಡೆವು.

ಮೊದಲು ಕಾರು ಮುಗ್ಗರಿಸಿ ನಿಂತಿತು. ಮತ್ತೆ ಹೊರಟಿತು. ಚರ್ಚಿನ ತಿರುವು ಬಂದಾಗ ನಾನು ಮುಂದಿನ ಸೀಟಿನ ಬೆನ್ನು ಹಿಡಿದುಕೊಂಡೆ. ಗುನಿಲ್ಲ ಕೈ ಮೇಲೆ ಕೈ ಹಾಕಿ ಸಲೀಸಾಗಿ ತಿರುಗಿಸಿದಳು.

"ಗೇರ್ ಬೇಗ ಹಾಕಿದೆ. ಎಂಜಿನ್ ಕೇಳಿಸಿಕೋ. ಇನ್ನೂ ಸ್ವಲ್ಪ ಬಿಡು. ಈಗ! ಈಗ ಹಾಕಬೇಕಿತ್ತು" ಎಂದು ಬೋರ್ಯೆ ಶುರು ಮಾಡಿದ.

"ಬಾಯಿ ಮುಚ್ಚು ಬೋರ್ಯೆ. ಕ್ರೇನಿನ ಕೆಳಗೆ ನಿಂತಾಗ ಕೂಗುತ್ತಿದ್ದೆಯಾ? ಕೈಸನ್ನೆ ಮಾಡುತ್ತಿದ್ದೆ."

 ಸ್ವಲ್ಪ ದೂರ ಹೋದ ಮೇಲೆ ಬೋರ್ಯೆಯ ಎಡಗೈ ಮೆಲ್ಲಗೆ ಮೇಲೆ ಬಂತು. ಎಂಜಿನ್ನಿನ ದನಿ ಕೇಳಿ, ಹೆಬ್ಬೆರಳು ಮೇಲೆತ್ತಿದ. ಗುನಿಲ್ಲ ಗೇರ್ ಬದಲಿಸಿದಳು. ಮುಂದಿನ ಇಳಿಜಾರಿನಲ್ಲಿ ಅಂಗೈ ಚಪ್ಪಟೆ ಮಾಡಿ ಕೆಳಗೆ ಒತ್ತಿದ. ಅವಳು ವೇಗ ಇಳಿಸಿದಳು. ಕಾರ್ಖಾನೆಯ ನೆಲದಿಂದ ಛಾವಣಿಯವಳಿಗೆ ಮಾಡುತ್ತಿದ್ದ ಸನ್ನೆಗಳೇ ಅವು. ನೇರ ರಸ್ತೆ ಬಂದಾಗ ಅವನು ತೋರುಬೆರಳನ್ನು ಗಾಳಿಯಲ್ಲಿ ಗಿರ್ರನೆ ತಿರುಗಿಸಿದ. ಎತ್ತು, ಎತ್ತು ಎನ್ನುವ ಸನ್ನೆ ಅದು ಎಂದು ಆಮೇಲೆ ತಿಳಿಯಿತು. ಗುನಿಲ್ಲ ಕಾಲು ಒತ್ತಿದಳು. ನಾವಿಬ್ಬರೂ ಸೀಟಿಗೆ ಅಂಟಿಕೊಂಡೆವು. ಮುಂದೆ ಇಬ್ಬರೂ ಗಟ್ಟಿಯಾಗಿ ನಗುತ್ತಿದ್ದರು.

ಪ್ರಜ್ವಲ್ ನನ್ನ ಕಡೆ ಬಗ್ಗಿ, "ಆಂಟಿ, ಇವ್ರು ಮಾರಲ್ಲ ಅಲ್ವಾ?" ಎಂದ.

"ನೀನೇ ಕೇಳಿ ನೋಡಪ್ಪಾ."

ಅಂಗಳಕ್ಕೆ ಬಂದು ನಿಂತ ಮೇಲೆ ಕೇಳಿದ. ಕಾರು ಇನ್ನೂ ಮಾರಾಟಕ್ಕಿದೆಯೇ ಎಂದು. ಬೋರ್ಯೆ ತಲೆ ತಿರುಗಿಸದೆ, "ಅದನ್ನು ಡ್ರೈವರನ್ನು ಕೇಳು" ಎಂದ.

ಗುನಿಲ್ಲ ಸ್ಟೇರಿಂಗ್ ಮೇಲಿನ ಕೈ ತೆಗೆಯಲಿಲ್ಲ. "ಕಾರು ಇಲ್ಲ" ಎಂದಳು. ಮತ್ತೆ ಪಾಪ ಎನಿಸಿರಬೇಕು. "ಬನ್ನು ಬೇಕಾದಷ್ಟಿದೆ. ಕಟ್ಟಿಕೊಡುತ್ತೇನೆ."

ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ಹುಡುಗ ಬನ್ನಿನ ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಅಷ್ಟು ದೂರದಿಂದ ಬಂದವನು.  ಕೊನೆಗೆ ಅವನೇ, "ಆ ಕೈ ಸಿಗ್ನಲ್ ನೋಡಿದ್ರಲ್ಲಾ ಆಂಟಿ. ನಮ್ಮಪ್ಪ ಅಮ್ಮಂಗೆ ಸ್ಕೂಟರ್ ಕೂಡ ಕೊಟ್ಟಿಲ್ಲ" ಎಂದು ನಕ್ಕ. ಮುಂದಿನ ವರ್ಷ ಅವನಿಗೆ ನೀಲಿ ಕಾರೊಂದು ಸಿಕ್ಕಿತು. ಇಪ್ಪತ್ತು ಇಂಚಿನ ಗಾಲಿ ಬೇಡ ಎಂದು ನಾನು ಹೇಳಿದ್ದನ್ನು ಕೇಳಲಿಲ್ಲ. ಹಾಕಿಸಿದ. ನಿಜ ಹೇಳಬೇಕೆಂದರೆ ನಿಂತಾಗ ಚೆನ್ನಾಗಿಯೇ ಕಾಣುತ್ತಿತ್ತು. ಉತ್ತರದ ರಸ್ತೆಯಲ್ಲಿ ಹಿಮ ಒಡೆದ ಗುಂಡಿಗೆ ಇಳಿದು ಒಂದು ರಿಮ್ಮು ಸೊಟ್ಟಗಾದ ಮೇಲೆ ಫೋನ್ ಮಾಡಿದ. ಹೇಳಿದ್ದೆನಲ್ಲ ಎಂದು ನಾನು ಅನ್ನಲಿಲ್ಲ. ನೀವೂ ಯಾರಿಗೂ ಅನ್ನಬೇಡಿ. ಅಳತೆ ಕೇಳಿ, ಹದಿನೈದು ಇಂಚಿನವನ್ನು ಕಳಿಸಿಕೊಟ್ಟೆ.

ಗುನಿಲ್ಲಳಿಗೆ ಪ್ರಯೋಗದ ರಿಮ್ಮುಗಳ ಬದಲು ಸರಿಯಾದವನ್ನು ಆರಿಸುವುದಿತ್ತು. ಆರಿಸಿದವನು ಬೋರ್ಯೆ. ಕಪಾಟಿನಲ್ಲಿದ್ದ ಒಂದೊಂದನ್ನೂ ಬೆರಳಿನಿಂದ ಓದಿದ. ಹೊಳೆಯುವ ಕ್ರೋಮ್ ಬೇಡ, ಅದು ಬೆರಳಿಗೆ ಸಿಗುವುದಿಲ್ಲ ಎಂದ. ಐದು ದಪ್ಪ ಕಡ್ಡಿಗಳ ಒರಟು ಎರಕದ ರಿಮ್ಮೊಂದರ ಹತ್ತಿರ ನಿಂತು, "ಇದು ಯಾವ ಬಣ್ಣ?" ಎಂದು ಹೆಂಡತಿಯನ್ನು ಕೇಳಿದ. ಬೂದಿ ಎಂದಳು. "ನಿನಗೆ ಇಷ್ಟವಾ?" ಎಂದ. ಆ ಕಾರಿನ ವಿಷಯದಲ್ಲಿ ಅವನು ಅವಳನ್ನು ಹಾಗೆ ಕೇಳಿದ್ದು ಅದೇ ಮೊದಲಂತೆ. ಅವಳೇ ಆಮೇಲೆ ನನಗೆ ಹೇಳಿದಳು.

ಅವನ ಅಗಲ ಗಾಲಿಗಳನ್ನು ಕೂಟದ ಯಾರೋ ಕೊಂಡರು. ಕೂಟದವರು ಮೊದಮೊದಲು ಕಾರನ್ನು ಮುಂದಿನಿಂದ ನೋಡಿ ಸೈಕಲ್ ಎಂದು ಛೇಡಿಸಿದರು. ಗುನಿಲ್ಲ ಅವರನ್ನೆಲ್ಲ ಒಬ್ಬೊಬ್ಬರಾಗಿ ಹಿಂದೆ ಕೂರಿಸಿಕೊಂಡು ಕೆರೆ ಸುತ್ತಿಸಿದಳು. ಆಮೇಲೆ ಯಾರೂ ಏನೂ ಅನ್ನಲಿಲ್ಲ.

ಹಳೆಯ ಕಾರಿನ ಟೈರುಗಳು ಸವೆದು ಸಾಯುವುದಿಲ್ಲ, ಮುಪ್ಪಿನಿಂದ ಸಾಯುತ್ತವೆ. ವರ್ಷದಲ್ಲಿ ನಾಲ್ಕು ದಿನ ಹೊರಗೆ ಬಂದು ಉಳಿದ ಕಾಲ ನಿಂತೇ ಇರುತ್ತವೆ, ರಸ್ತೆ ಹಿಡಿಯುವ ಹಲ್ಲುಗಳು ಹೊಸದರಂತಿರುವಾಗಲೇ ರಬ್ಬರು ಸೀಳಿಬಿಡುತ್ತದೆ. ನನ್ನ ಇಡೀ ಕೆಲಸದಲ್ಲಿ ಕಿತ್ತು ಎಸೆದ ಅಂಥ ಟೈರುಗಳೆಲ್ಲ ಹಾಗೆ ಹೋದವೇ. ನಾನು ನಿವೃತ್ತಳಾಗುವ ಬೇಸಿಗೆಯಲ್ಲಿ ಹಸಿರು ಕಾರು ಅಂಗಳಕ್ಕೆ ಬಂತು. ಗೇಟಿನಿಂದ ಒಂದೇ ತಿರುವಿಗೆ ಒಳಗೆ. ಗುನಿಲ್ಲ ಇಳಿದು, "ಮಳೆಯಲ್ಲಿ ಜಾರುತ್ತದೆ, ಮುಂದಿನವನ್ನು ನೋಡು" ಎಂದಳು.

ಜಾಕ್ ಹಾಕಿ ಎತ್ತಿದೆ. ಟೈರಿನಲ್ಲಿ ಹಲ್ಲೇ ಇರಲಿಲ್ಲ. ಅಂಗೈಯಂತೆ ನುಣ್ಣಗಾಗಿತ್ತು. ನಾರ್ವೆಯವರೆಗೆ ಹೋಗಿ ಬಂದಿದ್ದರಂತೆ, ದಕ್ಷಿಣದ ತುದಿಯ ಕಾರ್ಲ್‌ಸ್ಕ್ರೂನಾದ ಸಮುದ್ರಕ್ಕೂ ಹೋಗಿದ್ದರಂತೆ. ಬೋರ್ಯೆ ಬಂದು ಪಕ್ಕದಲ್ಲಿ ಕೂತು ಹೆಬ್ಬೆರಳಿನಿಂದ ಗೆರೆಗಳಿಗಾಗಿ ಒಂದು ಸುತ್ತು ಹುಡುಕಿದ. ಎಲ್ಲೂ ಸಿಗಲಿಲ್ಲ.

"ಏನೂ ಉಳಿಸಿಲ್ಲ ಇವಳು" ಎಂದ, ಬಹಳ ಹೆಮ್ಮೆಯಿಂದ.

ಹೊಸ ಜೋಡಿ ಏರಿಸಿ, ಐದು ನಟ್ಟುಗಳನ್ನೂ ಬಿಗಿದು ಕಾರು ಇಳಿಸಿದೆ.